ರಕ್ತದ ಗುಂಪು ನೋಡಿ ಊಟ ಮಾಡಬೇಕೇ? ಆ ಗುಂಪುಗಳನ್ನು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಕತೆ

ಓ ಗುಂಪಿನವರು ಮಾಂಸ ತಿನ್ನಬೇಕು, ಎ ಗುಂಪಿನವರಿಗೆ ಸೊಪ್ಪು ತರಕಾರಿಯೇ ಸರಿ, ಬಿ ಗುಂಪಿನವರು ಹಾಲು ಮೊಸರು ಧಾರಾಳವಾಗಿ ಬಳಸಬಹುದು. ಇಂಥದೊಂದು ಪಟ್ಟಿ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ಪಟ್ಟಿಯ ಜೊತೆಗೆ ಕಾರಣವನ್ನೂ ಕೊಟ್ಟಿರುತ್ತಾರೆ. ಕಾಳುಗಳಲ್ಲಿ ಲೆಕ್ಟಿನ್ ಎಂಬ ವಸ್ತು ಇದೆಯಂತೆ, ಅದು ನಿಮ್ಮ ಗುಂಪಿಗೆ ಹೊಂದದಿದ್ದರೆ ಹೊಟ್ಟೆಯಿಂದ ರಕ್ತಕ್ಕೆ ಸೇರಿ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡುತ್ತದಂತೆ.

ಮಂಗಳೂರಿನ ಅಡುಗೆಮನೆಗೆ ಇದು ಸಣ್ಣ ಮಾತಲ್ಲ. ಅಪ್ಪನದು ಬಿ, ಅಮ್ಮನದು ಎ, ಮಗನದು ಓ, ಮಗಳದು ಎಬಿ ಆಗಿರುವ ಮನೆಗಳು ಇಲ್ಲೂ ಇರುತ್ತವೆ. (ಹೌದು, ಎ ಮತ್ತು ಬಿ ಗುಂಪಿನ ತಂದೆತಾಯಿಗೆ ಓ ಮಗು ಹುಟ್ಟಬಹುದು. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ.) ಅವರೆಲ್ಲ ಉಣ್ಣುವುದು ಒಂದೇ ಪಾತ್ರೆಯ ಹುರುಳಿ ಸಾರು, ತುಳುವಿನಲ್ಲಿ ಕುಡುತ ಸಾರು. ಕಡಲೆ ಗಸಿ, ಅಲಸಂಡೆ ಪಲ್ಯ, ಮಳೆಗಾಲಕ್ಕೆ ಎತ್ತಿಟ್ಟ ಹಲಸಿನ ಬೀಜ, ಎಲ್ಲದರಲ್ಲೂ ಲೆಕ್ಟಿನ್ ಇದೆ. ಪಟ್ಟಿಯನ್ನು ನಂಬಿದರೆ ಒಂದೇ ಮನೆಯಲ್ಲಿ ನಾಲ್ಕು ಒಲೆ ಹೂಡಬೇಕು. ತಮಾಷೆಗೆ ಹೇಳುತ್ತಿಲ್ಲ. ಈ ಪಟ್ಟಿ ನೋಡಿ ಬೇಳೆಕಾಳು ಬಿಡುವವರಲ್ಲಿ ರಕ್ತಹೀನತೆ ಇರುವವರೂ, ಸಕ್ಕರೆ ಕಾಯಿಲೆ ಇರುವವರೂ ಇರಬಹುದು. ಕೈಗೆಟಕುವ ಬೆಲೆಯ ಪ್ರೋಟೀನು ಅವರ ತಟ್ಟೆಯಿಂದಲೇ ಮೊದಲು ಹೋಗುತ್ತದೆ.

ಈ ಫಾರ್ವರ್ಡ್ ಪೂರ್ತಿ ಕಟ್ಟುಕತೆಯಾಗಿದ್ದರೆ ನಮಗೆ ಕೆಲಸ ಸುಲಭವಿತ್ತು. ಆದರೆ ಲೆಕ್ಟಿನ್ ಎಂಬುದು ನಿಜ. ಅದು ರಕ್ತಕಣಗಳನ್ನು ಮುದ್ದೆಗಟ್ಟಿಸುವುದೂ ನಿಜ. ಹಸಿ ಹುರುಳಿಯ ರಸ ಎ ಗುಂಪಿನ ರಕ್ತವನ್ನೇ ಹುಡುಕಿ ಹಿಡಿಯುತ್ತದೆ ಎಂಬುದಂತೂ ಫಾರ್ವರ್ಡ್ ಬರೆದವರಿಗೂ ಗೊತ್ತಿರಲಿಕ್ಕಿಲ್ಲ, ಅದೂ ನಿಜವೇ! ಹಾಗಾದರೆ ತಪ್ಪು ಎಲ್ಲಿದೆ? ಅದು ತಿಳಿಯಬೇಕಾದರೆ ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಬದುಕಿನ ಜೊತೆಗೇ ನಡೆಯಬೇಕು. ಜೂನ್ 14ರಂದು ವೆನ್ಲಾಕ್ ಆಸ್ಪತ್ರೆಯಿಂದ ಹಿಡಿದು ಊರೂರ ರಕ್ತದಾನ ಶಿಬಿರಗಳವರೆಗೆ ವಿಶ್ವ ರಕ್ತದಾನಿಗಳ ದಿನ ಎಂದು ಬ್ಯಾನರು ಕಟ್ಟುತ್ತಾರಲ್ಲ, ಅದು ಅವರು ಹುಟ್ಟಿದ ದಿನ.

ರಸಾಯನಶಾಸ್ತ್ರಕ್ಕೆ ಮನಸೋತ ಡಾಕ್ಟರು

ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರಲ್ಲಿ, ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಬಾಡೆನ್ ಊರಿನಲ್ಲಿ. ತಂದೆ ಲಿಯೊಪೋಲ್ಡ್ ಹೆಸರುವಾಸಿ ಪತ್ರಕರ್ತ. ಮಗನಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡರು. ಬೆಳೆಸಿದ್ದು ತಾಯಿ ಫ್ಯಾನಿ. ತಾಯಿ ಸತ್ತ ಮೇಲೆ ಅವರ ಮುಖದ ಅಚ್ಚನ್ನು ತೆಗೆಸಿ, ತಾನು ಸಾಯುವವರೆಗೂ ಗೋಡೆಯ ಮೇಲೆ ಇಟ್ಟುಕೊಂಡಿದ್ದರು.

ವಿಯೆನ್ನಾದಲ್ಲಿ ವೈದ್ಯಕೀಯ ಓದಿ 1891ರಲ್ಲಿ ಡಾಕ್ಟರಾದರು. ಅದೇ ವರ್ಷ ಅವರ ಒಂದು ಲೇಖನ ಅಚ್ಚಾಯಿತು. ವಿಷಯ ಏನು ಗೊತ್ತೇ? ತಿನ್ನುವ ಆಹಾರದಿಂದ ರಕ್ತದ ಬೂದಿಯಲ್ಲಿರುವ ಖನಿಜಾಂಶಗಳಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬುದು. ಆಹಾರಕ್ಕೂ ರಕ್ತಕ್ಕೂ ಇರುವ ಸಂಬಂಧವನ್ನು ಅಳೆದು ನೋಡಿಯೇ ವಿಜ್ಞಾನಕ್ಕೆ ಕಾಲಿಟ್ಟವರು ಅವರು. ಮುಂದೆ ರಕ್ತದ ಗುಂಪು ಕಂಡುಹಿಡಿದಾಗ ಅದರ ಜೊತೆ ಊಟದ ಪಟ್ಟಿಯೊಂದನ್ನು ಅವರು ಕೊಡಲಿಲ್ಲ.

ಡಾಕ್ಟರಾದ ಮೇಲೆ ರೋಗಿಗಳನ್ನು ನೋಡುವ ಬದಲು ಸುಮಾರು ಐದು ವರ್ಷ ರಸಾಯನಶಾಸ್ತ್ರ ಕಲಿಯಲು ಜ್ಯೂರಿಕ್, ವ್ಯೂರ್ತ್ಸ್‌ಬುರ್ಗ್, ಮ್ಯೂನಿಕ್ ಸುತ್ತಿದರು. ವ್ಯೂರ್ತ್ಸ್‌ಬುರ್ಗ್‌ನಲ್ಲಿ ಅವರು ಕೆಲಸ ಮಾಡಿದ್ದು ಎಮಿಲ್ ಫಿಶರ್ ಪ್ರಯೋಗಾಲಯದಲ್ಲಿ. ಸಕ್ಕರೆಗಳ ಅಣುರಚನೆಯನ್ನು ಬಿಡಿಸಿಟ್ಟು 1902ರಲ್ಲಿ ನೊಬೆಲ್ ಪಡೆದವರು ಈ ಫಿಶರ್. ದೇಹದ ಕಿಣ್ವ ಒಂದು ಬೀಗದಂತೆ, ಅದಕ್ಕೆ ಸರಿಯಾದ ಆಕಾರದ ಅಣುವೇ ಕೀಲಿಕೈ ಆಗಬೇಕು ಎಂಬ ಹೋಲಿಕೆಯನ್ನು 1894ರಲ್ಲಿ ಕೊಟ್ಟವರೂ ಅವರೇ. ಶಿಷ್ಯನ ಮುಂದಿನ ಬದುಕೆಲ್ಲ ಆ ಬೀಗ ಮತ್ತು ಕೀಲಿಕೈಯ ಹಿಂದೆಯೇ ಹೋಯಿತು.

ಆರು ಜನರ ರಕ್ತ, ಒಂದು ಕೋಷ್ಟಕ

1898ರಿಂದ ಹತ್ತು ವರ್ಷ ಲ್ಯಾಂಡ್‌ಸ್ಟೈನರ್ ವಿಯೆನ್ನಾದ ರೋಗಶಾಸ್ತ್ರ ಸಂಸ್ಥೆಯಲ್ಲಿ ಸಹಾಯಕರಾಗಿದ್ದರು. ಹೊಟ್ಟೆಪಾಡಿನ ಕೆಲಸ ಮರಣೋತ್ತರ ಪರೀಕ್ಷೆ. ಆ ಹತ್ತು ವರ್ಷದಲ್ಲಿ ಅವರು ಮಾಡಿದ ಮರಣೋತ್ತರ ಪರೀಕ್ಷೆಗಳು 3,639. ಉಳಿದ ಹೊತ್ತಿನಲ್ಲಿ ತಮ್ಮ ಪ್ರಯೋಗ.

ಆಗಿನ ಕಾಲಕ್ಕೆ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವುದೆಂದರೆ ಜೂಜು. ಕೆಲವರು ಬದುಕುತ್ತಿದ್ದರು, ಕೆಲವರು ಚಳಿ ಹಿಡಿದು ನಡುಗಿ, ಕೆಂಪಗೆ ಮೂತ್ರ ಮಾಡಿ ಸಾಯುತ್ತಿದ್ದರು. ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಕುರಿಯ ರಕ್ತವನ್ನು ಮನುಷ್ಯನಿಗೆ ಕೊಟ್ಟರೆ ಕಣಗಳು ಹಾಳಾಗುತ್ತವೆ ಎಂಬುದಷ್ಟೇ ಗೊತ್ತಿತ್ತು. ಮನುಷ್ಯನ ರಕ್ತ ಮನುಷ್ಯನ ರಕ್ತದ ಜೊತೆ ಬೆರೆತಾಗ ಮುದ್ದೆಗಟ್ಟಿದರೆ ಅದು ರೋಗದ ಲಕ್ಷಣ ಎಂದೇ ಹೆಚ್ಚಿನವರು ತಿಳಿದಿದ್ದರು.

ಲ್ಯಾಂಡ್‌ಸ್ಟೈನರ್ ಕೇಳಿಕೊಂಡ ಪ್ರಶ್ನೆ ಸರಳ. ಆರೋಗ್ಯವಂತರ ರಕ್ತ ಬೆರೆಸಿದರೆ ಏನಾಗುತ್ತದೆ? ತಮ್ಮದೂ ಸೇರಿ ಸಂಸ್ಥೆಯ ಆರು ಜನರ ರಕ್ತ ತೆಗೆದರು. ಪ್ರತಿಯೊಂದನ್ನೂ ಎರಡು ಪಾಲು ಮಾಡಿದರು. ಒಂದು ಕೆಂಪು ಕಣಗಳು, ಇನ್ನೊಂದು ಮೇಲೆ ತಿಳಿಯಾಗಿ ನಿಲ್ಲುವ ಸೀರಂ. ಆಮೇಲೆ ಒಬ್ಬೊಬ್ಬರ ಸೀರಂಗೂ ಆರೂ ಜನರ ಕಣಗಳನ್ನು ಬೆರೆಸಿ, ಮುದ್ದೆಗಟ್ಟಿದಲ್ಲಿ ಕೂಡಿಸುವ ಗುರುತು, ಗಟ್ಟದಿದ್ದಲ್ಲಿ ಕಳೆಯುವ ಗುರುತು ಹಾಕುತ್ತಾ ಹೋದರು. ಆರು ಸಾಲು, ಆರು ಕಂಬ. ಇನ್ನಷ್ಟು ಜನರನ್ನೂ ಸೇರಿಸಿಕೊಂಡು ಒಟ್ಟು 22 ಮಂದಿಯ ರಕ್ತ ನೋಡಿದರು.

ಈ ಮುದ್ದೆಗಟ್ಟುವುದನ್ನು ಗಾಯವಾದಾಗ ರಕ್ತ ಹೆಪ್ಪುಗಟ್ಟುವುದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಹೆಪ್ಪು ಕಟ್ಟುವುದು ರಕ್ತವೇ ಗಟ್ಟಿಯಾಗುವ ಕ್ರಿಯೆ. ಇಲ್ಲಿ ಕಣಗಳು ಒಂದಕ್ಕೊಂದು ಅಂಟಿ ಹರಳು ಹರಳಾಗಿ ಬೇರೆಯಾಗುತ್ತವೆ, ಸುತ್ತಲಿನ ದ್ರವ ತಿಳಿಯಾಗುತ್ತದೆ. ಹಾಲು ಒಡೆದಂತೆ ಕಾಣುತ್ತದೆ. ಬರಿಗಣ್ಣಿಗೇ ಗೊತ್ತಾಗುತ್ತದೆ. ಕಾಲೇಜಿನ ಶಿಬಿರದಲ್ಲಿ ಬೆರಳು ಚುಚ್ಚಿ ಬಿಳಿ ಹಲಗೆಯ ಮೇಲೆ ನಿಮ್ಮ ರಕ್ತದ ಹನಿಗಳಿಗೆ ನೀಲಿ ದ್ರವ, ಹಳದಿ ದ್ರವ ಹಾಕಿ ಕಡ್ಡಿಯಿಂದ ಕಲಸಿದ್ದನ್ನು ನೋಡಿದ್ದೀರಲ್ಲ? ನೀಲಿಯದು ಎ ಹುಡುಕುತ್ತದೆ, ಹಳದಿಯದು ಬಿ ಹುಡುಕುತ್ತದೆ. ಅದು ಆ ದಿನದ ಪ್ರಯೋಗವೇ.

ಕೋಷ್ಟಕದಲ್ಲಿ ಒಂದು ಕ್ರಮ ಕಂಡಿತು. ಯಾರ ಸೀರಂ ಕೂಡ ತನ್ನದೇ ಕಣಗಳನ್ನು ಮುಟ್ಟುತ್ತಿರಲಿಲ್ಲ. ಒಂದು ಗುಂಪಿನವರ ಸೀರಂ ಇನ್ನೊಂದು ಗುಂಪಿನವರ ಕಣಗಳನ್ನು ಹಿಡಿಯುತ್ತಿತ್ತು, ತಿರುಗಾಮುರುಗಾ ಕೂಡ. ಮೂರನೇ ಗುಂಪಿನವರ ಕಣಗಳನ್ನು ಯಾರ ಸೀರಂ ಕೂಡ ಹಿಡಿಯುತ್ತಿರಲಿಲ್ಲ. 1901ರಲ್ಲಿ ವಿಯೆನ್ನಾದ ವಾರಪತ್ರಿಕೆಯೊಂದರಲ್ಲಿ ಇದನ್ನು ಪ್ರಕಟಿಸಿದಾಗ ಅವರು ಕೊಟ್ಟ ಹೆಸರು ಎ, ಬಿ, ಸಿ. ಸಿ ಎಂಬುದೇ ಈಗಿನ ಓ. ನಾಲ್ಕನೆಯದಾದ ಎಬಿ ಮರುವರ್ಷ ಅವರ ಜೊತೆಗಾರರಿಗೆ ಸಿಕ್ಕಿತು. ರಕ್ತ ಕೊಡುವಾಗ ಆಗುವ ಅನಾಹುತಗಳಿಗೆ ಇದೇ ಕಾರಣವಿರಬಹುದು ಎಂದು ಲೇಖನದ ಕೊನೆಗೆ ಸೂಚಿಸಿದ್ದರು. ಹೆಚ್ಚಿನವರು ಗಮನ ಕೊಡಲಿಲ್ಲ. ಗುಂಪು ಹೊಂದಿಸಿ ರಕ್ತ ಕೊಡುವ ಕೆಲಸ 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಒಟನ್‌ಬರ್ಗ್ ಅವರಿಂದ ಶುರುವಾಯಿತು.

ಕಣದ ಮೈಮೇಲಿನ ಬೋರ್ಡು

ಎ ಮತ್ತು ಬಿ ಎಂದರೆ ನಿಜಕ್ಕೂ ಏನು? ಲ್ಯಾಂಡ್‌ಸ್ಟೈನರ್‌ಗೆ ಆಗ ಗೊತ್ತಿರಲಿಲ್ಲ. ನಮಗೀಗ ಗೊತ್ತು. ಅದು ಸಕ್ಕರೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಅದರ ದಾಯಾದಿಗಳು. ಕೆಂಪು ಕಣದ ಹೊರಮೈಯಲ್ಲಿ ಸಣ್ಣ ಸಣ್ಣ ಸಕ್ಕರೆ ಸರಪಳಿಗಳು ರೋಮದಂತೆ ಎದ್ದು ನಿಂತಿರುತ್ತವೆ. ಎಲ್ಲರಲ್ಲೂ ಸರಪಳಿ ಬಹುಪಾಲು ಒಂದೇ. ತುದಿಯಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದಕ್ಕೆ ಎಚ್ ಎಂದು ಹೆಸರು. ಓ ಗುಂಪಿನವರಲ್ಲಿ ಇಲ್ಲಿಗೇ ಮುಗಿಯಿತು. ಅದರ ಪಕ್ಕ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಕೂತರೆ ಬಿ. ಅದೇ ಜಾಗದಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ, ಗ್ಯಾಲಕ್ಟೋಸಿಗೆ ಒಂದು ಸಣ್ಣ ಬಾಲ ಅಂಟಿಸಿದಂಥ ಸಕ್ಕರೆ ಕೂತರೆ ಎ. ಎ ಮತ್ತು ಬಿ ನಡುವಿನ ವ್ಯತ್ಯಾಸ ಅಷ್ಟೇ, ಬೆರಳೆಣಿಕೆಯ ಪರಮಾಣುಗಳದು. ಆದರೆ ತಪ್ಪು ಬಾಟಲಿ ಏರಿಸಿದರೆ ಆ ಸಣ್ಣ ಬಾಲಕ್ಕೇ ಪ್ರಾಣ ಹೋಗಬಹುದು.

ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ನಿಂತ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಬಸ್ಸು ಬಸ್ಸೇ, ಒಳಗಿನ ಸೀಟೂ ಹೆಚ್ಚುಕಡಿಮೆ ಒಂದೇ. ಕಾಯುತ್ತಿರುವವರು ನೋಡುವುದು ಮುಂದಿನ ಬೋರ್ಡಿನ ನಂಬರು. ಒಬ್ಬೊಬ್ಬರಿಗೂ ಬೇಕಾದ ನಂಬರು ಒಂದೇ, ಉಳಿದವು ಬಂದು ಹೋದರೂ ಕೈ ಎತ್ತುವುದಿಲ್ಲ. ಜೀವಕೋಶದ ಸಕ್ಕರೆ ಸರಪಳಿ ಆ ಬೋರ್ಡು. ಅದನ್ನು ಓದಿ ಕೈ ಎತ್ತುವ ಪ್ರೋಟೀನುಗಳು ಮೂರು ತರ. ರಕ್ತದಲ್ಲಿ ತೇಲಾಡುವವು ಪ್ರತಿಕಾಯಗಳು. ಸಕ್ಕರೆ ಹಿಡಿಯುವುದನ್ನೇ ಕಸುಬು ಮಾಡಿಕೊಂಡವು ಲೆಕ್ಟಿನ್‌ಗಳು. ಜೀವಕೋಶದ ಮೈಗೇ ನಾಟಿಕೊಂಡು ಹೊರಗೆ ಕೈಚಾಚಿ ನಿಂತವು ರಿಸೆಪ್ಟರ್‌ಗಳು, ಅಂದರೆ ಗ್ರಾಹಕಗಳು. ಇವುಗಳಲ್ಲಿ ಕೆಲವು ಲೆಕ್ಟಿನ್ ಜಾತಿಯವೇ. ತೇಲಾಡುವವಕ್ಕೆ ಸಾಮಾನ್ಯವಾಗಿ ಎರಡೋ ಹೆಚ್ಚೋ ಕೈಗಳಿರುತ್ತವೆ. ಒಂದೊಂದು ಕೈಯಲ್ಲಿ ಒಂದೊಂದು ಕಣ ಹಿಡಿದಾಗಲೇ ಮುದ್ದೆ ಆಗುವುದು.

ಇದು ರಕ್ತಕ್ಕಷ್ಟೇ ಸೀಮಿತವಲ್ಲ. ನಿಮ್ಮ ಯಕೃತ್ತಿನ ಕೋಶಗಳ ಮೇಲೆ ಗ್ಯಾಲಕ್ಟೋಸ್ ಗುರುತಿಸುವ ಗ್ರಾಹಕವಿದೆ. ರಕ್ತದಲ್ಲಿ ಓಡಾಡುವ ಎಷ್ಟೋ ಪ್ರೋಟೀನುಗಳ ಸಕ್ಕರೆ ಸರಪಳಿಗೆ ತುದಿಯಲ್ಲಿ ಸಯಾಲಿಕ್ ಆಮ್ಲದ ಮುಚ್ಚಳ ಇರುತ್ತದೆ. ಮುಚ್ಚಳ ಕಳಚಿ ಕೆಳಗಿನ ಗ್ಯಾಲಕ್ಟೋಸ್ ಕಂಡರೆ ಯಕೃತ್ತು ಅಂಥವನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಫ್ಲೂ ವೈರಸ್ಸು ಗಂಟಲಿನ ಕೋಶಕ್ಕೆ ಅಂಟುವುದೂ ಸಯಾಲಿಕ್ ಆಮ್ಲವನ್ನು ಹಿಡಿದೇ. ಹಕ್ಕಿಜ್ವರದ ವೈರಸ್ಸು ಮನುಷ್ಯರಿಗೆ ಸುಲಭವಾಗಿ ತಗಲದಿರಲು ಒಂದು ಕಾರಣ, ಅದೇ ಸಕ್ಕರೆ ಹಕ್ಕಿಗಳಲ್ಲಿ ಜೋಡಣೆಯಾಗಿರುವ ಕೋನ ಬೇರೆ. ಮಂಗಳೂರಿಗೆ ಬಹಳ ಕಾಲ ಕಾಟ ಕೊಟ್ಟ ಮಲೇರಿಯಾದಲ್ಲೂ ಈ ಆಟವಿದೆ. ಫಾಲ್ಸಿಪಾರಂ ಪರೋಪಜೀವಿ ಕೆಂಪು ಕಣದೊಳಕ್ಕೆ ನುಗ್ಗುವ ದಾರಿಗಳಲ್ಲೊಂದು ಕಣದ ಮೇಲಿನ ಸಯಾಲಿಕ್ ಆಮ್ಲವನ್ನು ಹಿಡಿಯುವುದು.

ಯಾವ ಗ್ರಾಹಕ ಯಾವ ಸಕ್ಕರೆಯನ್ನು ಓದುತ್ತದೆ ಎಂದು ಪತ್ತೆಹಚ್ಚಲು ಈಗ ನೂರಾರು ಸಕ್ಕರೆಗಳನ್ನು ಚುಕ್ಕಿ ಚುಕ್ಕಿಯಾಗಿ ಅಂಟಿಸಿದ ಗಾಜಿನ ಪಟ್ಟಿಗಳಿವೆ. ಗ್ರಾಹಕವನ್ನು ಅದರ ಮೇಲೆ ಹರಿಸಿ ಯಾವ ಚುಕ್ಕಿ ಮಿನುಗಿತು ಎಂದು ನೋಡುತ್ತಾರೆ. ಆರು ಸಾಲು, ಆರು ಕಂಬದ ಹಳೆಯ ಕೋಷ್ಟಕದ ಮೊಮ್ಮಗ ಎನ್ನಬಹುದು.

ಕಾಳಿನ ರಸ, ಹಸಿದ ವಿಯೆನ್ನಾ

ಕಾಳುಗಳ ವಿಷಯಕ್ಕೆ ಬರೋಣ. 1888ರಲ್ಲಿ, ಈಗ ಎಸ್ಟೋನಿಯಾದಲ್ಲಿರುವ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ಹರಳು ಬೀಜದಿಂದ ರೈಸಿನ್ ಎಂಬ ವಿಷ ತೆಗೆದು, ಅದು ರಕ್ತಕಣಗಳನ್ನು ಮುದ್ದೆಗಟ್ಟಿಸುವುದನ್ನು ತೋರಿಸಿದ್ದ. ನಮ್ಮ ಗುಲಗಂಜಿಯ ಬೀಜದಲ್ಲೂ ಅಂಥದೇ ವಿಷವಿದೆ. (ಕೆಂಪು ಕಪ್ಪಿನ ಆ ಚೆಂದದ ಬೀಜವನ್ನು ಮಕ್ಕಳು ಜಗಿಯದಂತೆ ನೋಡಿಕೊಳ್ಳಿ. ಅದು ಪುಕಾರಲ್ಲ.) ಎರಡೂ ಘೋರ ವಿಷಗಳಾದ್ದರಿಂದ ಮುದ್ದೆಗಟ್ಟಿಸುವುದು ವಿಷದ ಗುಣ ಎಂಬ ಭಾವನೆ ಇತ್ತು.

1908ರ ಸುಮಾರಿಗೆ ಲ್ಯಾಂಡ್‌ಸ್ಟೈನರ್ ಮತ್ತು ರೌಬಿಚೆಕ್ ಬೀನ್ಸ್, ಬಟಾಣಿ, ಮಸೂರದಂಥ ತಿನ್ನುವ ಕಾಳುಗಳ ರಸದಲ್ಲೂ ಈ ಗುಣ ಇರುವುದನ್ನು ತೋರಿಸಿದರು. ಲ್ಯಾಂಡ್‌ಸ್ಟೈನರ್ ಗಮನಿಸಿದ್ದು ಇನ್ನೂ ಸೂಕ್ಷ್ಮ. ಒಂದು ಕಾಳಿನ ರಸ ಒಂದು ಪ್ರಾಣಿಯ ರಕ್ತವನ್ನು ಜೋರಾಗಿ ಹಿಡಿಯುತ್ತದೆ, ಇನ್ನೊಂದರದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಇನ್ನೊಂದು ಕಾಳಿನದು ಬೇರೆಯೇ ಲೆಕ್ಕ. ಗಿಡದಲ್ಲಿ ಪ್ರತಿಕಾಯ ಇರುವುದಿಲ್ಲ. ಆದರೂ ಗಿಡದ ಪ್ರೋಟೀನಿಗೂ ಬೋರ್ಡು ಓದಲು ಬರುತ್ತದೆ ಎಂದಾಯಿತು.

ಅದೇ ಹೊತ್ತಿನಲ್ಲಿ ವಿಯೆನ್ನಾದ ಇನ್ನೊಂದು ಆಸ್ಪತ್ರೆಗೆ ಹೋದ ಅವರು ಎರ್ವಿನ್ ಪೋಪರ್ ಜೊತೆ ಸೇರಿ, ಪೋಲಿಯೋದಿಂದ ಸತ್ತ ಮಗುವಿನ ಬೆನ್ನುಹುರಿಯ ಅಂಶದಿಂದ ಕೋತಿಗಳಿಗೆ ಆ ರೋಗ ಹರಡಿಸಿ, ಪೋಲಿಯೋ ಸೋಂಕು ರೋಗ ಎಂದು ಸಾಬೀತು ಮಾಡಿದರು. ಬೇರೆಯವರಿಗಾದರೆ ಜೀವಮಾನಕ್ಕೆ ಸಾಕಾಗುವಂಥ ಕೆಲಸ. ಇವರ ಬದುಕಿನಲ್ಲಿ ಅದು ಒಂದು ಅಡ್ಡದಾರಿ.

1916ರಲ್ಲಿ, ವಯಸ್ಸು 48 ಆಗಿದ್ದಾಗ, ಹೆಲೆನ್ ವ್ಲಾಸ್ಟೊ ಅವರನ್ನು ಮದುವೆಯಾದರು. ಮರುವರ್ಷ ಒಬ್ಬ ಮಗ. ಅಷ್ಟರಲ್ಲಿ ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸೋತು ಸಾಮ್ರಾಜ್ಯ ಒಡೆದುಹೋಯಿತು. ವಿಯೆನ್ನಾದಲ್ಲಿ ತಿನ್ನಲಿಕ್ಕೂ ಇಲ್ಲ, ಒಲೆಗೆ ಸೌದೆಯೂ ಇಲ್ಲ. ರಕ್ತದ ಗುಂಪು ಕಂಡುಹಿಡಿದ ಮನುಷ್ಯ ಹೆಂಡತಿ ಮಗುವನ್ನು ಕಟ್ಟಿಕೊಂಡು ನೆದರ್ಲೆಂಡ್ಸ್‌ನ ಹೇಗ್ ನಗರದ ಸಣ್ಣ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದರು. ಸಂಬಳ ಸಾಲದೆ, ಕ್ಷಯರೋಗ ಪರೀಕ್ಷೆಯ ಟ್ಯೂಬರ್ಕ್ಯುಲಿನ್ ತಯಾರಿಸುವ ಚಿಕ್ಕ ಕಾರ್ಖಾನೆಯಲ್ಲೂ ದುಡಿದರು. ಅಲ್ಲಿದ್ದ ಮೂರು ವರ್ಷಗಳಲ್ಲೂ ಸಂಶೋಧನಾ ಲೇಖನಗಳನ್ನು ಬರೆಯುವುದು ನಿಲ್ಲಲಿಲ್ಲ. ನಮಗೆ ಅವರ ನೊಬೆಲ್‌ಗಿಂತ ಈ ಮೂರು ವರ್ಷಗಳೇ ದೊಡ್ಡದಾಗಿ ಕಾಣುತ್ತವೆ.

ನ್ಯೂಯಾರ್ಕಿನ ಕೊನೆಯ ಇಪ್ಪತ್ತು ವರ್ಷ

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಿಂದ ಕರೆ ಬಂತು. ಅಲ್ಲಿ ಅವರು ತಮಗೆ ತೀರ ಇಷ್ಟವಾದ ಪ್ರಶ್ನೆಗೆ ಮರಳಿದರು. ಪ್ರತಿಕಾಯ ಎಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸಬಲ್ಲದು? ಪ್ರೋಟೀನಿಗೆ ತಮಗೆ ಬೇಕಾದ ಸಣ್ಣ ರಾಸಾಯನಿಕವನ್ನು ಅಂಟಿಸಿ ಪ್ರಾಣಿಗೆ ಚುಚ್ಚಿ, ಹುಟ್ಟಿದ ಪ್ರತಿಕಾಯ ಯಾವುದನ್ನು ಹಿಡಿಯುತ್ತದೆ ಎಂದು ನೋಡುವ ಉಪಾಯ ಅವರದು. ಆ ಅಂಟಿಸಿದ ತುಣುಕಿಗೆ ಹ್ಯಾಪ್ಟನ್ ಎಂದು ಹೆಸರಿಟ್ಟರು. ಎಡಗೈ ಬಲಗೈಯಂತೆ ಕನ್ನಡಿ ಬಿಂಬಗಳಾಗಿರುವ ಎರಡು ಅಣುಗಳನ್ನು ಕೂಡ ಪ್ರತಿಕಾಯ ಬೇರೆ ಬೇರೆ ಎಂದು ತಿಳಿಯುತ್ತದೆ ಎಂಬುದು ಗೊತ್ತಾಯಿತು. ಇದೇ ದಾರಿ ಹಿಡಿದು ಅದೇ ಸಂಸ್ಥೆಯ ಗೋಬೆಲ್ ಮತ್ತು ಏವರಿ 1929ರಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅಂಟಿಸಿ ನೋಡಿದರು. ಈ ಎರಡು ಸಕ್ಕರೆಗಳಲ್ಲಿ ಪರಮಾಣುಗಳ ಲೆಕ್ಕ ಒಂದೇ, ಒಂದು ಕಡೆಯ ಜೋಡಣೆ ಮಾತ್ರ ಮೇಲಿರುವುದು ಕೆಳಗಾಗಿದೆ. ಪ್ರತಿಕಾಯ ಅದನ್ನೂ ಗುರುತಿಸಿತು.

1930ರಲ್ಲಿ ನೊಬೆಲ್ ಬಂತು, ರಕ್ತದ ಗುಂಪುಗಳಿಗಾಗಿ. 1939ರಲ್ಲಿ ನಿವೃತ್ತಿಯಾದರೂ ಪ್ರಯೋಗಾಲಯ ಬಿಡಲಿಲ್ಲ. 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ನಿಮ್ಮ ಗುಂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುವುದು ಅದನ್ನೇ. ಅದು ಸಕ್ಕರೆಯಲ್ಲ, ಪ್ರೋಟೀನು. ನೆಗೆಟಿವ್ ತಾಯಿ ಪಾಸಿಟಿವ್ ಮಗುವನ್ನು ಹೆತ್ತಾಗ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಮೂಲ ಇಲ್ಲಿದೆ.

1943ರ ಜೂನ್ 24ರಂದು ಪ್ರಯೋಗಾಲಯದಲ್ಲಿ ಕೈಯಲ್ಲಿ ಪಿಪೆಟ್ ಹಿಡಿದಿದ್ದಾಗಲೇ ಅವರಿಗೆ ಹೃದಯಾಘಾತವಾಯಿತು. ಎರಡು ದಿನದ ನಂತರ ತೀರಿಕೊಂಡರು. ವಯಸ್ಸು 75. ಎ ಮತ್ತು ಬಿ ಎಂದರೆ ಯಾವ ಸಕ್ಕರೆ ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಕುಡು ಹೇಳಿದ ಉತ್ತರ

ಕಾಳಿನ ರಸದ ಬಗ್ಗೆ ಲ್ಯಾಂಡ್‌ಸ್ಟೈನರ್ ತಮ್ಮ ಪುಸ್ತಕದಲ್ಲಿ ಬರೆದಿದ್ದನ್ನು ಅಮೆರಿಕದ ವಿಲಿಯಂ ಬಾಯ್ಡ್ 1940ರ ದಶಕದಲ್ಲಿ ಓದಿದರು. ಪ್ರಾಣಿಗಳ ನಡುವೆ ವ್ಯತ್ಯಾಸ ತಿಳಿಯುವುದಾದರೆ ಮನುಷ್ಯರ ಗುಂಪುಗಳ ನಡುವೆ ಯಾಕಾಗಬಾರದು ಎಂದು ಅಂಗಡಿಯಿಂದ ಒಣ ಲೈಮಾ ಬೀನ್ಸ್ ತರಿಸಿದರು. ಆ ರಸ ಎ ಕಣಗಳನ್ನು ಹಿಡಿಯಿತು. ಆರಿಸಿಕೊಳ್ಳುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಲೆಕ್ಟಿನ್ ಎಂಬ ಹೆಸರನ್ನು 1954ರಲ್ಲಿ ಕೊಟ್ಟವರು ಬಾಯ್ಡ್.

ಅಷ್ಟರಲ್ಲಿ ನಮ್ಮ ದೇಶದಲ್ಲೇ ಇನ್ನೊಂದು ಕೆಲಸ ನಡೆದಿತ್ತು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿದ್ದ ಜಿ. ಡಬ್ಲ್ಯು. ಜಿ. ಬರ್ಡ್ ಹುರುಳಿ ಕಾಳನ್ನು ಪರೀಕ್ಷಿಸಿದರು. ಫಲಿತಾಂಶ ಅಚ್ಚಾದದ್ದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, 1951ರಲ್ಲಿ. ಎ ಗುಂಪಿನಲ್ಲೇ ಎ1, ಎ2 ಎಂಬ ಉಪಗುಂಪುಗಳಿವೆ. ಹುರುಳಿಯ ರಸವನ್ನು ಹದವಾಗಿ ತೆಳುಮಾಡಿದರೆ ಎ1 ಅನ್ನು ಹಿಡಿಯುತ್ತದೆ, ಎ2 ಅನ್ನು ಬಿಡುತ್ತದೆ. ಈಗಲೂ ರಕ್ತನಿಧಿಗಳಲ್ಲಿ ಉಪಗುಂಪು ನೋಡಲು ಬಳಸುವ ಆಂಟಿ-ಎ1 ದ್ರವ ಇದೇ ಹುರುಳಿಯದು. ನಮ್ಮ ಕುಡು ಜಗತ್ತಿನ ಎಷ್ಟೋ ದೇಶಗಳ ರಕ್ತನಿಧಿಗಳ ಫ್ರಿಜ್ಜಿನಲ್ಲಿ ಕೂತಿದೆ!

ಲಂಡನ್ನಿನ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ 1950ರ ದಶಕದ ಆರಂಭದಲ್ಲಿ ಇಂಥ ಲೆಕ್ಟಿನ್‌ಗಳನ್ನೇ ಉಪಯೋಗಿಸಿ ಲ್ಯಾಂಡ್‌ಸ್ಟೈನರ್ ಬಿಟ್ಟುಹೋದ ಪ್ರಶ್ನೆ ಬಿಡಿಸಿದರು. ಉಪಾಯ ಚಂದವಿದೆ. ಲೆಕ್ಟಿನ್ ಇರುವ ನಳಿಕೆಗೆ ಒಂದೊಂದೇ ಬಿಡಿ ಸಕ್ಕರೆ ಹಾಕಿ ನೋಡುವುದು. ಸರಿಯಾದ ಸಕ್ಕರೆ ಬಿದ್ದರೆ ಲೆಕ್ಟಿನ್‌ನ ಕೈಗಳೆಲ್ಲ ಅದರಿಂದಲೇ ತುಂಬಿ, ರಕ್ತಕಣ ಹಿಡಿಯಲು ಕೈ ಖಾಲಿ ಇರುವುದಿಲ್ಲ, ಮುದ್ದೆಗಟ್ಟುವುದು ನಿಲ್ಲುತ್ತದೆ. ಹಾಗೆ ಎ, ಬಿ, ಎಚ್ ಒಂದೊಂದರ ಸಕ್ಕರೆಯೂ ಗೊತ್ತಾಯಿತು. ಹಲಸಿನ ಬೀಜದ ಲೆಕ್ಟಿನ್ ಆದ ಜಕಾಲಿನ್ ಗ್ಯಾಲಕ್ಟೋಸನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬ ಪರಮಾಣು ಮಟ್ಟದ ಚಿತ್ರವನ್ನು 1996ರಲ್ಲಿ ಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಸಂಗಡಿಗರು.

ಈಗ ಫಾರ್ವರ್ಡ್‌ಗೆ ಬರೋಣ. ಗುಂಪಿಗೆ ತಕ್ಕ ಊಟದ ಈ ಪಟ್ಟಿಯನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಪೀಟರ್ ಡಿ'ಅಡಾಮೊ 1996ರಲ್ಲಿ ಬರೆದ ಪುಸ್ತಕ. ರಕ್ತನಿಧಿಯ ನಳಿಕೆಯಲ್ಲಿ ನಡೆಯುವುದನ್ನು ನಿಮ್ಮ ಹೊಟ್ಟೆಗೆ ಹಾಗೆಯೇ ಎತ್ತಿ ಹಾಕಿದ್ದು ಅದರ ತಪ್ಪು. ನಳಿಕೆಗೆ ಹೋಗುವುದು ಹಸಿ ಹುರುಳಿಯ ರಸ. ನೀವು ಉಣ್ಣುವುದು ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದ ಹುರುಳಿ. ಲೆಕ್ಟಿನ್ ಪ್ರೋಟೀನು, ಚೆನ್ನಾಗಿ ಕುದಿಸಿದಾಗ ಅದರ ಆಕಾರ ಕೆಡುತ್ತದೆ. ಕೀಲಿಕೈ ಕರಗಿದ ಮೇಲೆ ಬೀಗ ತೆರೆಯುವುದಿಲ್ಲ. ಇನ್ನೊಂದು ವಿಷಯ, ಹುರುಳಿ, ಲೈಮಾ ಬೀನ್ಸ್‌ನಂತೆ ಗುಂಪು ನೋಡಿ ಹಿಡಿಯುವ ಲೆಕ್ಟಿನ್‌ಗಳು ಕೆಲವೇ. ಹೆಚ್ಚಿನವು ಎಲ್ಲ ಗುಂಪನ್ನೂ ಒಂದೇ ತರ ಹಿಡಿಯುತ್ತವೆ ಅಥವಾ ಯಾವುದನ್ನೂ ಹಿಡಿಯುವುದಿಲ್ಲ. ಓ ಗುಂಪು ಬೇಟೆಗಾರರ ಕಾಲದ ಅತಿ ಹಳೆಯದು, ಅದಕ್ಕೇ ಅವರಿಗೆ ಮಾಂಸ ಎಂಬ ಮಾತೂ ನಿಲ್ಲುವುದಿಲ್ಲ. ಎ ಮತ್ತು ಬಿ ಮನುಷ್ಯ ಹುಟ್ಟುವ ಮೊದಲೇ ವಾನರಗಳಲ್ಲಿದ್ದವು. ಓ ಎಂಬುದು ಸಕ್ಕರೆ ಕೂರಿಸುವ ಜೀನು ಕೆಟ್ಟಾಗ ಆದದ್ದು.

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಈ ಆಹಾರಕ್ರಮದ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದ 2013ರ ವಿಮರ್ಶೆಗೆ ಇದು ಕೆಲಸ ಮಾಡುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು 1,455 ಜನರನ್ನು ನೋಡಿದರು. ಎ ಗುಂಪಿನ ಪಟ್ಟಿಯಂತೆ ಸೊಪ್ಪು ತರಕಾರಿ ಹೆಚ್ಚು ತಿಂದವರ ಆರೋಗ್ಯ ಸುಧಾರಿಸಿತ್ತು. ಅವರ ಗುಂಪು ಎ ಆಗಿದ್ದರೂ ಸರಿ, ಬೇರೆ ಆಗಿದ್ದರೂ ಸರಿ! ಪಕ್ಕದ ಮನೆಯವರಿಗೆ ಈ ಡಯಟ್‌ನಿಂದ ಗುಣ ಕಂಡದ್ದು ಸುಳ್ಳಲ್ಲದಿರಬಹುದು, ಕಾರಣ ಮಾತ್ರ ರಕ್ತದ ಗುಂಪಲ್ಲ.

ಲೆಕ್ಟಿನ್‌ಗೆ ನಿಜಕ್ಕೂ ಹೆದರಬೇಕಾದ ಜಾಗ ಒಂದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಹಸಿ ಅಥವಾ ಅರೆಬೆಂದ ರಾಜ್ಮಾ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ವಾಂತಿ ಭೇದಿ ಶುರುವಾಗಬಹುದು, ಯಾವ ಗುಂಪಿನವರಿಗಾದರೂ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಅಥವಾ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡುವ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ನೇರ ಹಾಕಬೇಡಿ.

ರಕ್ತದ ಗುಂಪಿನ ವಿಷಯದಲ್ಲಿ ಎಚ್ಚರ ಬೇಕಾದದ್ದು ಊಟದ ತಟ್ಟೆಯಲ್ಲಲ್ಲ, ರಕ್ತ ಏರಿಸುವಾಗ. ಓ ರಕ್ತ ಯಾರಿಗಾದರೂ ಕೊಡಬಹುದು ಎಂಬ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದಕ್ಕೆ ಅಪವಾದ ನಮ್ಮ ದೇಶದಲ್ಲೇ ಸಿಕ್ಕಿತು. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪಿನವರಲ್ಲಿ ಎ, ಬಿ ಇರಲಿ, ಓದವರಲ್ಲೂ ಇರುವ ಎಚ್ ಕೂಡ ಇಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಎಂದು ಅಂದಾಜು, ಕರ್ನಾಟಕದಲ್ಲೂ ಇದ್ದಾರೆ. ನೀಲಿ ಹಳದಿ ಹನಿಯ ಪರೀಕ್ಷೆಯಲ್ಲಿ ಇವರು ಓ ಎಂದೇ ಕಾಣುತ್ತಾರೆ. ಇವರಿಗೆ ಓ ರಕ್ತ ಏರಿಸಿದರೆ ಮೈಯೊಳಗಿನ ಪ್ರತಿಕಾಯಗಳು ಅದರ ಎಚ್ ಅನ್ನು ಹಿಡಿದು ಕಣಗಳನ್ನು ಒಡೆಯುತ್ತವೆ.

ಅದಕ್ಕೇ ರಕ್ತನಿಧಿಯಲ್ಲಿ ಕಣಗಳನ್ನು ನೋಡಿದ ಮೇಲೆ ಸೀರಂ ಅನ್ನೂ ತಿರುಗಿ ಪರೀಕ್ಷಿಸುತ್ತಾರೆ, ಓ ಕಣಗಳ ಎದುರೂ. ಲೆಕ್ಕ ತಾಳೆಯಾಗದಿದ್ದರೆ ಯೂಲೆಕ್ಸ್ ಎಂಬ ಮುಳ್ಳುಪೊದೆಯ ಬೀಜದ ಲೆಕ್ಟಿನ್ ಹಾಕುತ್ತಾರೆ. ಅದು ಎಚ್‌ನ ಫ್ಯೂಕೋಸನ್ನು ಓದುತ್ತದೆ. ಓ ಕಣಗಳು ಕೂಡಲೇ ಮುದ್ದೆಗಟ್ಟುತ್ತವೆ, ಬಾಂಬೆ ಕಣಗಳು ಸುಮ್ಮನೆ ತೇಲುತ್ತಿರುತ್ತವೆ. ಹಿಂದೆ ಎಂದಾದರೂ ಯಾವುದೇ ಲ್ಯಾಬ್ ನಿಮ್ಮ ಗುಂಪಿನ ವರದಿಯಲ್ಲಿ ಹೊಂದಾಣಿಕೆ ಆಗುತ್ತಿಲ್ಲ, ಮತ್ತೆ ಪರೀಕ್ಷಿಸಿ ಎಂದು ಬರೆದಿದ್ದರೆ ಆ ಚೀಟಿಯನ್ನು ಬಿಸಾಡಬೇಡಿ. ರಕ್ತನಿಧಿಗೆ ತೆಗೆದುಕೊಂಡು ಹೋಗಿ ತೋರಿಸಿ. ಬಾಂಬೆ ಎಂದು ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷೆಗೆ ಕಳಿಸಿ, ಅವರಲ್ಲಿ ಇನ್ನೊಬ್ಬರು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು.